ಒಂದೂಮುಕ್ಕಾಲು ಇಂಚಿನ ಕತ್ತು

ಜನವರಿ 14, ಮಂಗಳವಾರ

ಸಂಕ್ರಾಂತಿ, ಯೂನಿಟ್ಟಿಗೆ ರಜೆ. ಈ ಡೈರಿ ದಾರದ ಕಂಪನಿಯವರು ಪುಕ್ಕಟೆ ಕೊಟ್ಟದ್ದು. ಮೊದಲ ಪುಟದಲ್ಲಿ ದೇವರ ಚಿತ್ರದ ಬದಲು ದಾರದ ಬಣ್ಣಗಳ ಪಟ್ಟಿ ಇದೆ. ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿ ಬೆಳಗಿನಿಂದ ಸಂಜೆತನಕ ಪ್ಯಾಂಟಿನ ಜೇಬು ಹೊಲಿಯುವವನು ಡೈರಿಯಲ್ಲಿ ಏನು ಬರೆದಾನು ಎಂದು ಹದಿಮೂರು ದಿನ ಖಾಲಿ ಬಿಟ್ಟಿದ್ದೆ. ಇವತ್ತು ಬರೆಯುವಂಥದ್ದು ಇದೆ.

ಎರಡು ತಾಸು ಗಿಟಾರ್ ನುಡಿಸಿದರೂ ಎಡಗೈಯ ಕಿರುಬೆರಳು ನೋಯಲಿಲ್ಲ. ಉಂಗುರ ಬೆರಳೂ ಹೆಚ್ಚುಕಡಿಮೆ ಹಾಗೇ. ಮೊಬೈಲಿನಲ್ಲಿ ಗಿಟಾರ್ ಕಲಿಸುವ ಮಾಸ್ತರರೆಲ್ಲ ಆರು ವರ್ಷದಿಂದ ಹೇಳುತ್ತಲೇ ಇದ್ದಾರೆ: ತಂತಿ ಒತ್ತಿ ಒತ್ತಿ ಬೆರಳತುದಿ ಗಟ್ಟಿಯಾಗುತ್ತದೆ, ಆಮೇಲೆ ನೋವು ಗೊತ್ತಾಗುವುದಿಲ್ಲ, ಅಲ್ಲಿಯವರೆಗೆ ತಾಳಿಕೋ. ತಾಳಿಕೊಂಡೆ. ದೇವರು ಕಣ್ಣು ಬಿಟ್ಟ. ಪಂಪಾವತಿ ಅಕ್ಕನನ್ನು ಕರೆದು ಕಿರುಬೆರಳಿಗೆ ಉಗುರಿನಿಂದ ಚುಚ್ಚು ಎಂದೆ. ಚುಚ್ಚಿದಳು.

"ಏನಲೇ ಮಾರೇಶ, ಬೆರಳೇನು ಕಟಿಗಿ ಆಗ್ಯಾವೇನು?" ಎಂದು ನಕ್ಕಳು. ಅವಳೂ ನಮ್ಮ ಯೂನಿಟ್ಟಿನಲ್ಲೇ ದಾರ ಕತ್ತರಿಸುತ್ತಾಳೆ. ನಮ್ಮೂರು ಬಾದನಹಟ್ಟಿ ಬಿಟ್ಟು ಬಂದು ಈ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದೇವೆ.

ಸಿರುಗುಪ್ಪದ ಸುಭಾಷ್ ಅಣ್ಣನಿಗೆ ಫೋನ್ ಮಾಡಿದೆ. ಮದುವೆ ರಿಸೆಪ್ಷನ್ನುಗಳಿಗೆ ಹಾಡುವ ಮೆಲೊಡಿ ತಂಡ ಅವನದು. ತಂಡದ ಗಿಟಾರಿನವನು ಶ್ರಾವಣಕ್ಕೆ ಬಿಡುತ್ತಾನಂತೆ. "ಆಗಸ್ಟಿನ್ಯಾಗ ಬಾ, ಕೈ ನೋಡ್ತೀನಿ. ಚಲೋ ಬಾರಿಸಿದ್ರ ಜಾಗ ನಿಂದು" ಎಂದ. ಜೇಬು ಹೊಲಿದದ್ದು ಸಾಕು. ಆಗಸ್ಟಿನ ತನಕ ಇನ್ನೊಂದು ಯೋಚನೆ ಇಲ್ಲ.

ಫೆಬ್ರವರಿ 6, ಗುರುವಾರ

ಜ್ವರ ಎಂದು ಮನೆಯಲ್ಲಿದ್ದೆ. ಆಶಾ ಕಾರ್ಯಕರ್ತೆ ಸಾವಂತ್ರಮ್ಮ ಬಂದಿದ್ದಳು. ಮನೆ ಮನೆ ಸರ್ವೆಯಂತೆ. ಬಾಗಿಲಲ್ಲೇ ನಿಂತು ಪುಸ್ತಕ ತೆರೆದು, "ಮೈಮ್ಯಾಲೆ ಮಚ್ಚಿ ಏನಾರ ಅದಾವೇನಪಾ?" ಎಂದಳು.

"ಒಂದೈತಿ ಅಕ್ಕ, ಬೆನ್ನಾಗ. ಎಳ್ಳಿನಷ್ಟು. ಭಾಳ ಅದೃಷ್ಟದ್ದಂತ."

"ಹುಟ್ಟುಮಚ್ಚಿ ಅಲ್ಲೋ ಮಾರಾಯ. ಮುಟ್ಟಿದ್ರ ಗೊತ್ತಾಗಲಾರದ್ದು."

"ಮುಟ್ಟಿದ್ರ ಗೊತ್ತಾಗಲಾರದ್ದು ಅಂದ್ರ ನನ್ನ ಬೆರಳು ನೋಡ್ರಿ," ಎಂದು ಕಿರುಬೆರಳು ಮುಂದೆ ಹಿಡಿದೆ. ಗಿಟಾರ್ ಬಾರಿಸಿ ಗಟ್ಟಿಯಾಗಿದೆ ಎಂದು ವಿವರಿಸಿದೆ. ಅವಳಿಗೆ ನಗು ಬಂತು. ಮಚ್ಚೆ ಇಲ್ಲ ಎಂದು ಗುರುತು ಹಾಕಿಕೊಂಡು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆದು, ಪಕ್ಕದ ಯಂಕಮ್ಮನ ಮನೆಗೆ ಹೋದಳು.

ಜ್ವರದ ಮೈಗೆ ಸ್ನಾನ ಮಾಡುವಾಗ ಎಡ ಮೊಣಕೈ ಹತ್ತಿರದ ಬಿಳಿಚಿದ ಚಿಬ್ಬು ಕಣ್ಣಿಗೆ ಬಿತ್ತು. ಒಂದು ವರ್ಷದಿಂದ ಇದೆ, ಸ್ವಲ್ಪ ಅಗಲವಾಗಿದೆ. ಬಳ್ಳಾರಿಯ ಬಿಸಿಲಿಗೆ ಯಾರ ಮೈಮೇಲೆ ಚಿಬ್ಬು ಇಲ್ಲ?

ಮಾರ್ಚ್ 23, ಭಾನುವಾರ

ಗಿಟಾರಿನಲ್ಲಿ ಎಫ್ ಕಾರ್ಡ್ ಬರುತ್ತಿಲ್ಲ. ತೋರುಬೆರಳೊಂದನ್ನೇ ಆರೂ ತಂತಿಯ ಮೇಲೆ ಅಡ್ಡ ಮಲಗಿಸಿ ಒತ್ತುವ ಪಟ್ಟು ಅದು. ಹೋದ ದಸರೆಗೆ ಕಣ್ಣು ಮುಚ್ಚಿ ಹಾಕುತ್ತಿದ್ದೆ. ಈಗ ಹೆಬ್ಬೆರಳು ಹಿಂದಿನಿಂದ ಆನಿಕೆ ಕೊಡುವುದಿಲ್ಲ, ತಂತಿ ಗರಗರ ಎನ್ನುತ್ತದೆ. ಜಿ ಹಾಕುವಾಗ ಕಿರುಬೆರಳು ಕೆಳಗಿನ ತಂತಿ ಮುಟ್ಟುವುದರೊಳಗೆ ಹಾಡು ಮುಂದೆ ಹೋಗಿರುತ್ತದೆ.

ಕೂತು ಯೋಚಿಸಿದೆ. ತಪ್ಪು ಗಿಟಾರಿನದು. ಎಡಗೈಯಲ್ಲಿ ಹಿಡಿಯುವ ಅದರ ಕತ್ತು ನನಗೆ ಅಗಲ. ಟೇಪು ಹಿಡಿದು ಅಳೆದೆ: ತಂತಿಗಳು ಕೂರುವ ಬಿಳಿ ಪಟ್ಟಿಯ ಹತ್ತಿರ ಸರಿಯಾಗಿ ಒಂದೂಮುಕ್ಕಾಲು ಇಂಚು. ನಾನು ಆರು ವರ್ಷ ಪರರ ಅಳತೆಯ ಪ್ಯಾಂಟು ಹಾಕಿಕೊಂಡು ಓಡಾಡಿದ ಹಾಗಾಯಿತು. ದರ್ಜಿಯಾಗಿ ಇಷ್ಟು ದಿನ ಅಳೆಯಲಿಲ್ಲ ಎನ್ನುವುದು ನಾಚಿಕೆಗೇಡು.

ಅಳತೆ ಎಂದಾಗ ನೆನಪಾಯಿತು. ಯೂನಿಟ್ಟಿನ ಕಟಿಂಗ್ ಟೇಬಲ್ಲಿನ ಅಗಲ ನನ್ನ ಎಡಗೈಯಲ್ಲಿ ಎಂಟು ಗೇಣು. ಬಲಗೈಯಲ್ಲಿ ಚಾಕ್ ಇರುತ್ತದಾದ್ದರಿಂದ ಗೇಣು ಹಾಕುವುದು ಎಡಗೈಯಲ್ಲೇ. ನಿನ್ನೆ ಎಂಟು ಗೇಣು ಹಾಕಿದ ಮೇಲೂ ನಾಲ್ಕು ಬೆರಳು ಉಳಿಯಿತು. ಟೇಬಲ್ಲಿಗೆ ಹೊಸ ಹಲಗೆ ಬಡಿದಿರಬೇಕು.

ಏಪ್ರಿಲ್ 13, ಭಾನುವಾರ

ವಾದ್ಯದ ಅಂಗಡಿಯ ಮಧುಸೂದನ ಆಚಾರ್ರು ಮನುಷ್ಯರು ಒಳ್ಳೆಯವರು. ಕೊಳ್ಳದಿದ್ದರೂ ಕೂರಿಸಿ, ಒಂದೊಂದೇ ಗಿಟಾರ್ ಇಳಿಸಿ ಕೈಗೆ ಕೊಟ್ಟರು. ನಾನು ಜೇಬಿನಿಂದ ಟೇಪು ತೆಗೆದದ್ದು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ.

"ಇಪ್ಪತ್ತು ವರ್ಷ ಆತು ಅಂಗಡಿ ಇಟ್ಟು. ಗಿಟಾರಿಗೆ ಅಂಗಿ ಹೊಲ್ಯಾಕ ಬಂದವರು ನೀವೇ ಮೊದಲು ನೋಡ್ರಿ."

ನೈಲಾನ್ ತಂತಿಯದು ಎರಡು ಇಂಚು, ಕೈ ಸುತ್ತುವುದೇ ಇಲ್ಲ. ಇನ್ನೊಂದು ನನ್ನದರ ಅಳತೆಯದೇ. ಮೂರನೆಯದು ಕಪ್ಪು ಬಣ್ಣದ್ದು, ಒಂದೂವರೆ ಇಂಚಿನ ಮೇಲೆ ಒಂದು ನೂಲು, ಅಂದರೆ ಇಂಚಿನ ಎಂಟರಲ್ಲೊಂದು ಪಾಲು. ಅದನ್ನು ಹಿಡಿದಾಗ ಕೈಗೆ ಸುಖ ಅನಿಸಿತು.

"ಕತ್ತು ಸಣ್ಣದಾದ್ರ ಕೈಗೆ ಹಗೂರ, ಆದ್ರ ತಂತಿ ಒತ್ತೊತ್ತಾಗಿ ಇರ್ತಾವು. ಅಗಲ ಆದ್ರ ಬೆರಳಿಗೆ ಜಾಗ. ಎರಡೂ ಒಂದರಾಗ ಸಿಗಂಗಿಲ್ಲ," ಎಂದರು ಆಚಾರ್ರು. ಆಮೇಲೆ, "ಅಲ್ರಿ, ಆರು ವರ್ಷ ಬಾರಿಸೀರಿ ಅಂತೀರಿ. ಅವಾಗ ಇಲ್ಲದ ತ್ರಾಸು ಈಗ್ಯಾಕ ಬಂತು?" ಎಂದು ಕೇಳಿದರು.

ಅವಾಗ ತಿಳಿವಳಿಕೆ ಇರಲಿಲ್ಲ ಎಂದೆ. ಎಲ್ಲ ಅಂಗಡಿಯವರೂ ಒಂದೇ. ಕೊಳ್ಳುವವನನ್ನೇ ದಡ್ಡ ಮಾಡುತ್ತಾರೆ.

ಮೇ 8, ಗುರುವಾರ

ಮಶೀನಿನ ಸೂಜಿ ಎಡಗೈಯ ಕಿರುಬೆರಳಿನೊಳಗೆ ಹೊಕ್ಕು ಆಚೆ ಬಂತು. ಮೊದಲು ನೋಡಿದ್ದು ಬಟ್ಟೆಯ ಮೇಲಿನ ರಕ್ತ. ಯಾರದಪ್ಪಾ ಇದು ಎಂದುಕೊಂಡೆ. ಯೂನಿಟ್ಟಿನವರೆಲ್ಲ ಓಡಿ ಬಂದರು, ಅಕ್ಕ ಅತ್ತಳು, ನಾನು ಮಾತ್ರ ಕಲ್ಲಿನ ಹಾಗೆ ಕೂತಿದ್ದೆ. ಕೆಲಸ ಹಂಚುವ ಮಾಸ್ತರ್ ಅಮರೇಶ್, "ಗಂಡಸಂದ್ರ ಇವನಪಾ!" ಎಂದ. ಇವತ್ತಿಡೀ ಅದೇ ಮಾತು. ಚೆನ್ನಾಗನ್ನಿಸಿತು, ಸುಳ್ಳೇಕೆ ಹೇಳಲಿ.

ಜೂನ್ 15, ಭಾನುವಾರ

ನನ್ನ ಹಳೆಯ ಗಿಟಾರ್ ಕೊಟ್ಟು ಮೇಲಿಷ್ಟು ಸೇರಿಸಿ ಆ ಕಪ್ಪು ಗಿಟಾರ್ ತಂದೆ. ಹಳೆಯದನ್ನು ಆಚಾರ್ರು ಗೋಡೆಗೆ ತೂಗುಹಾಕುವಾಗ ನಾನು ಹೊರಗೆ ನಿಂತಿದ್ದೆ. ಅಂಗಡಿಯೊಳಗೆ ಸೆಕೆ ಇತ್ತು.

ಆಗಸ್ಟ್ 17ಕ್ಕೆ ಬರಲು ಸುಭಾಷ್ ಅಣ್ಣ ಹೇಳಿದ್ದಾನೆ. ಎರಡು ತಿಂಗಳು ಬೇಕಾದಷ್ಟಾಯಿತು.

ಜೂನ್ 29, ಭಾನುವಾರ

ಇಲ್ಲ. ಈ ಕತ್ತಿನ ಮೇಲೆ ಕಿರುಬೆರಳು ಒಂದು ತಂತಿಗೆ ಹೋದರೆ ಎರಡರ ಮೇಲೆ ಬೀಳುತ್ತದೆ. ನೆಟ್ಟಗೆ ನಿಲ್ಲುವುದಿಲ್ಲ, ಕೊಕ್ಕೆಯಾಗಿ ಬಾಗಿಕೊಂಡೇ ಇರುತ್ತದೆ. ಬೆಳಿಗ್ಗೆ ಮುಖಕ್ಕೆ ನೀರು ಹಾಕಿಕೊಳ್ಳುವಾಗ ಎಡ ಬೊಗಸೆಯಿಂದ ನೀರೆಲ್ಲ ಸೋರಿತು.

ಜುಲೈ 20, ಭಾನುವಾರ

ಮೂರು ವಾರ ಏನೂ ಬರೆದಿಲ್ಲ. ಬರೆಯಲು ಏನಿತ್ತು? ಇಸ್ತ್ರಿ ಟೇಬಲ್ಲಿಗೆ ಒರಗಿ ನಿಂತು ಮಾತಾಡುತ್ತಿದ್ದಾಗ ಎಡ ಅಂಗೈಯ ಅಂಚು ಇಸ್ತ್ರಿಗೆ ತಾಗಿ ಸುಟ್ಟು ಬೊಬ್ಬೆ ಬಂತು. ವಾಸನೆ ಬಂದ ಮೇಲೆ ಅಕ್ಕ ಕೈ ಎಳೆದಳು. ಜೇಬಿನ ಹೊಲಿಗೆ ಸೊಟ್ಟ ಬರುತ್ತಿದೆ ಎಂದು ಅಮರೇಶ್ ನನ್ನನ್ನು ಮಶೀನಿನಿಂದ ಎಬ್ಬಿಸಿ ಗುಂಡಿ ಎಣಿಸಲು ಕೂರಿಸಿದ್ದಾನೆ. ಮಶೀನು ಬಿಡಬೇಕೆಂದಿದ್ದವನು ನಾನು, ಆದರೆ ಹೀಗಲ್ಲ.

ಅಕ್ಕ ದವಾಖಾನೆಗೆ ಹೋಗೋಣ ಎನ್ನುತ್ತಾಳೆ. ಸುಟ್ಟ ಗಾಯಕ್ಕೆ ಅರಿಶಿನ ಸಾಕು ಎಂದೆ. ಅವಳು, "ಗಾಯಕ್ಕಲ್ಲೋ" ಎಂದಳು. ಕೂಗಾಡಿದೆ. ಕೂಗಾಡಬಾರದಿತ್ತು.

ಈಗ ಗೊತ್ತಾಗಿದೆ, ಅಗಲ ಒಂದೇ ಅಲ್ಲ, ಕತ್ತಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಹಿಂಭಾಗದ ಹೊಟ್ಟೆ ಕೆತ್ತಿಸಿದರೆ ಬೆರಳು ಮುಂದೆ ಚಾಚುತ್ತದೆ. ಕುರುಗೋಡಿನಲ್ಲಿ ಹುಲುಗಪ್ಪ ಮಾವ ಇದ್ದಾನೆ, ದೂರದ ಸಂಬಂಧ, ಬಾಗಿಲು ಚೌಕಟ್ಟು ಮಾಡುವವನು. ಅವನ ಕೈಯಲ್ಲಿ ಆಗದ ಮರಗೆಲಸ ಇಲ್ಲ.

ಆಗಸ್ಟ್ 3, ಭಾನುವಾರ

ಬೆಳಗಿನ ಬಸ್ಸಿಗೇ ಕುರುಗೋಡಿಗೆ ಹೋದೆ. ಹುಲುಗಪ್ಪ ಮಾವ ಗಿಟಾರನ್ನು ಮಗುಚಿ ಹಾಕಿ, ಬೆರಳಿನಿಂದ ಬಡಿದು ನೋಡಿ, "ಇಷ್ಟು ಚಂದದ ಕಟಿಗಿ ಯಾಕ ಕೆಡಸ್ತಿ?" ಎಂದ. ನಾನು ಪಟ್ಟು ಬಿಡಲಿಲ್ಲ. ತಂತಿ ಬಿಚ್ಚಿ ಕತ್ತಿನ ಹಿಂಭಾಗವನ್ನು ಹೆರೆದ. ಹಿಡಿದು ನೋಡಿದೆ, ಸಾಲದು ಎಂದೆ. ಮತ್ತೆ ಹೆರೆದ. ಸಾಲದು ಎಂದೆ. ಮೂರನೆಯ ಸಲ ಕೀಸುಳಿ ಕೆಳಗಿಟ್ಟ.

"ಇನ್ನ ತೆಗದ್ರ ತಂತಿ ಬಿಗಿದ ಕೂಡ್ಲೆ ಮುರೀತೈತಿ. ಈಗ ಹೇಳು, ತ್ರಾಸು ಎಲ್ಲೈತಿ?"

"ಕಿರುಬೆರಳು ಮುಟ್ಟವಲ್ದು ಮಾವ."

"ಗೇಣು ಹಾಕು."

ಹಲಗೆಯ ಮೇಲೆ ಎಡಗೈಯ ಗೇಣು ಹಾಕಿದೆ. ಹೆಬ್ಬೆರಳಿಗೊಂದು, ಕಿರುಬೆರಳಿಗೊಂದು ಪೆನ್ಸಿಲ್ ಗೆರೆ ಎಳೆದ. "ಬಲಗೈದು ಹಾಕು." ಅದಕ್ಕೂ ಎಳೆದ. ನನ್ನದೇ ಟೇಪು ಇಸಿದುಕೊಂಡು ಎರಡನ್ನೂ ಅಳೆದ. ಬಲಗೈ ಒಂಬತ್ತು ಇಂಚು. ಎಡಗೈ ಏಳೂಕಾಲು.

"ಕತ್ತು ಅಗಲ ಆಗಿಲ್ಲಲೇ ಮಾರೇಶ. ನಿನ್ನ ಗೇಣು ಸಣ್ಣ ಆಗೈತಿ."

ಕಣ್ಣು ಮುಚ್ಚು ಎಂದ. ಮುಚ್ಚಿ ಕಾದೆ. ಏನು ಮಾವ, ಏನಾರ ಮಾಡ್ತೀಯೋ ಇಲ್ಲೋ ಎಂದು ಕಣ್ಣು ಬಿಟ್ಟರೆ, ಉಳಿಯ ಮೊನೆ ನನ್ನ ಕಿರುಬೆರಳಿನ ಮೇಲೆ ಊರಿತ್ತು.

"ನಮ್ಮ ಚಿಗವ್ವಗ ಹಿಂಗ ಆಗಿತ್ತು. ಆಗಿನ ಕಾಲದಾಗ ಊರ ಹೊರಗ ಇಟ್ರು. ಈಗ ಹಂಗಿಲ್ಲ, ಗುಳಿಗಿ ಅದಾವು. ನಾಳೇನ ದವಾಖಾನಿಗೆ ಹೋಗು," ಎಂದ. ರೋಗದ ಹೆಸರು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುದುಕರಿಗೆ ಎಲ್ಲದರಲ್ಲೂ ತಮ್ಮ ಚಿಗವ್ವನೇ ಕಾಣುತ್ತಾಳೆ. ಚಹಾ ಕುಡಿಯದೆ ಎದ್ದು ಬಂದೆ. ಬಸ್ಸಿನಲ್ಲಿ ಎಡಗೈಯನ್ನು ಗಿಟಾರಿನ ಚೀಲದ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ಆಗಸ್ಟ್ 4, ಸೋಮವಾರ

ಹದಿನೇಳರ ತನಕ ಎಲ್ಲಿಗೂ ಹೋಗುವುದಿಲ್ಲ. ಆಮೇಲೆ ನೋಡೋಣ.

ಆಗಸ್ಟ್ 17, ಭಾನುವಾರ

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಹಿಂದಿನ ಗೋದಾಮೇ ಅವರ ಅಭ್ಯಾಸದ ಜಾಗ. ನೆಲದ ತುಂಬ ತೌಡು. ಹಾಡುವವಳು ಗಂಗೋತ್ರಿ ಎಂಬ ಹುಡುಗಿ. ನನಗೆ ಅಂಜಿಕೆ ಆಗಿದೆಯೆಂದು ತಿಳಿದು, "ಅಣ್ಣ, ನಿಮಗ ಸರಿ ಬರೋ ಶ್ರುತಿ ಹೇಳ್ರಿ, ಅದರಾಗ ಹಾಡ್ತೀನಿ" ಎಂದಳು. ಮೂರೇ ಬೆರಳಿನಲ್ಲಿ ಮುಗಿಯುವ ಒಂದು ಹಾಡನ್ನು ಹದಿನೈದು ದಿನ ಉರು ಹೊಡೆದಿದ್ದೆ. ಅದನ್ನು ನುಡಿಸಿದೆ. ಚೆನ್ನಾಗಿಯೇ ಬಂತು. ಡೋಲಕ್ಕಿನವನು ತಲೆದೂಗಿದ.

ಆಗ ಸುಭಾಷ್ ಅಣ್ಣ, "ಇದನ್ನ ಎಫ್‌ನ್ಯಾಗ ಬಾರಿಸು" ಎಂದ.

ಬೆರಳು ಅಡ್ಡ ಹಾಕಿದೆ. ಗರಗರ ಎಂದಿತು. ಮತ್ತೆ ಹಾಕಿದೆ. ಹೆಬ್ಬೆರಳು ಮಡಚಿಕೊಂಡು ಕತ್ತಿನ ಹಿಂದಿನಿಂದ ಜಾರಿತು. ಗಂಗೋತ್ರಿ ಅಷ್ಟರಲ್ಲಿ ಎರಡು ಸಲ ಪಲ್ಲವಿ ಎತ್ತಿ ನಿಲ್ಲಿಸಿದ್ದಳು. ಈ ಗಿಟಾರಿನ ಕತ್ತು ಸರಿ ಇಲ್ಲ, ಬೇರೆ ಕೊಡಿ ಎಂದೆ. ತಂಡ ಬಿಡಲಿದ್ದ ಗಿಟಾರಿನವನು ತನ್ನದನ್ನು ಕೊಟ್ಟ. ನನ್ನ ಕೈ ಅದನ್ನೂ ಹಿಡಿಯಲಿಲ್ಲ. ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳವಾಡಿಯಾದರೂ ಬರುತ್ತಿದ್ದೆ.

ಸುಭಾಷ್ ಅಣ್ಣ ಬಸ್ಟ್ಯಾಂಡಿನ ತನಕ ಬಂದ. "ಮಾರೇಶ, ಹೋದ ವರ್ಷ ತೆಕ್ಕಲಕೋಟಿ ಮದುವಿಯಾಗ ನಿನ್ನ ಕೈ ಕೇಳೀನಿ. ಅದು ಇದು ಒಂದೇ ಕೈ ಅಲ್ಲಪಾ. ಏನಾಗೈತಿ ತೋರಿಸ್ಕೊ ಮೊದಲು" ಎಂದ. ಜಾಗ ಇನ್ನೊಬ್ಬನಿಗೆ ಕೊಡಬೇಕಾಗುತ್ತದೆ ಎನ್ನುವುದನ್ನು ಬಸ್ಸು ಹೊರಟ ಮೇಲೆ ಕಿಟಕಿಯಲ್ಲಿ ಹೇಳಿದ.

ಆಗಸ್ಟ್ 25, ಸೋಮವಾರ

ಅಕ್ಕ ರಜೆ ಹಾಕಿ ಸರ್ಕಾರಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಮೊಣಕೈ ಒಳಬದಿಯ ನರ ಹಿಡಿದು ನೋಡಿದರು, ಹಗ್ಗದ ಹಾಗೆ ಉಬ್ಬಿತ್ತು. ಕಣ್ಣು ಮುಚ್ಚಿಸಿ, ಪೆನ್ನಿನ ತುದಿ ಮುಟ್ಟಿಸಿದಲ್ಲೆಲ್ಲ ಬೆರಳಿಟ್ಟು ತೋರಿಸು ಎಂದರು. ನಾನು ಎರಡು ಸಲ ತೋರಿಸಿದೆ. ಅವರು ಹನ್ನೊಂದು ಸಲ ಮುಟ್ಟಿಸಿದ್ದರಂತೆ, ಅಕ್ಕ ಎಣಿಸಿದ್ದಾಳೆ.

"ಇದಕ್ಕೆ ಏನಂತೀರಿ?" ಎಂದು ಮೊಣಕೈ ಹತ್ತಿರ ತೋರಿಸಿದರು.

"ಚಿಬ್ಬು ರೀ."

"ಆಶಾದವರು ಮನೆಗೆ ಬಂದು ಮಚ್ಚೆ ಐತೇನು ಅಂತ ಕೇಳಲಿಲ್ವಾ?"

"ಕೇಳಿದ್ರು. ಮಚ್ಚಿ ಇಲ್ಲಲ್ರಿ, ಇದು ಚಿಬ್ಬು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಪುಸ್ತಕದಾಗ ಇದಕ್ಕೇ ಮಚ್ಚೆ ಅಂತ ಬರೆದಿರೋದು ಮಾರೇಶ್" ಎಂದರು. ಆಮೇಲೆ ಹೆಸರು ಹೇಳಿದರು. ಕುಷ್ಠ. ಒಂದು ವರ್ಷ ಗುಳಿಗೆ, ಪುಕ್ಕಟೆ. ರೋಗ ಪೂರ್ತಿ ಹೋಗುತ್ತದೆ. ಗುಳಿಗೆ ಶುರುವಾದ ಮೇಲೆ ಯಾರಿಗೂ ಅಂಟುವುದಿಲ್ಲ. ಅಕ್ಕನ ಮೈಯನ್ನೂ ನೋಡಿದರು, ಅವಳಿಗೆ ಏನೂ ಇಲ್ಲ.

ಕೈ ಮೊದಲಿನಂತೆ ಆಗುತ್ತದೋ ಇಲ್ಲವೋ, ಅದೊಂದು ಹೇಳ್ರಿ ಎಂದೆ. ಸ್ಪರ್ಶ ಹೋಗಿ ಎಷ್ಟು ದಿನ ಆಯಿತು ಎಂದು ಕೇಳಿದರು. ಆರು ತಿಂಗಳೊಳಗಿದ್ದರೆ ನರಕ್ಕೆ ಬೇರೆ ಔಷಧ ಕೊಟ್ಟರೆ ಎಷ್ಟೋ ಸಲ ತಿರುಗಿ ಬರುತ್ತದೆ, ದಾಟಿದ್ದರೆ ಕಷ್ಟ ಎಂದರು. ನೆನಪಿಲ್ಲ ಎಂದೆ. ಮೇ ತಿಂಗಳಲ್ಲಿ ಸೂಜಿ ಚುಚ್ಚಿತ್ತು, ಅದೇ ಮೊದಲಿರಬೇಕು. ಮೇಯಿಂದ ಮೂರೂವರೆ ತಿಂಗಳು. ಅಕ್ಕ ನನ್ನ ಮುಖ ನೋಡಿದಳು. ಇಬ್ಬರಿಗೂ ಸ್ವಲ್ಪ ಉಸಿರು ಬಂತು.

ಆಗಸ್ಟ್ 26, ಮಂಗಳವಾರ

ದಿನಾಂಕ ಸಿಗುತ್ತದೇನೋ ಎಂದು ಡೈರಿ ಹಿಂದಕ್ಕೆ ತಿರುವಿದೆ. ಸಿಕ್ಕಿತು. ಮೊದಲ ಪುಟದಲ್ಲೇ ಇದೆ, ನನ್ನದೇ ಅಕ್ಷರ. ಜನವರಿ 14. ನೋಯಲಿಲ್ಲ ಎಂದು ಬರೆದಿದ್ದೇನೆ. ದೇವರು ಕಣ್ಣು ಬಿಟ್ಟ ಎಂದು ಬರೆದಿದ್ದೇನೆ.

ಫೆಬ್ರವರಿ ಆರಕ್ಕೆ ಸಾವಂತ್ರಮ್ಮನ ಮೂಗಿನ ಕೆಳಗೆ ಆ ಬೆರಳನ್ನೇ ಹಿಡಿದು ಜಂಬ ಕೊಚ್ಚಿದ್ದೇನೆ. ಅಂದು ಇಪ್ಪತ್ಮೂರು ದಿನವಷ್ಟೇ ಆಗಿತ್ತು.

ಅಕ್ಕನಿಗೆ ಓದಿ ಹೇಳಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಮಧುಸೂದನ ಆಚಾರ್ರ ಅಂಗಡಿಗೆ ಹೋಗಿದ್ದೆ. ನನ್ನ ಹಳೆಯ ಗಿಟಾರ್ ಇನ್ನೂ ಗೋಡೆಯ ಮೇಲಿತ್ತು. ಇಳಿಸಿ ಕೊಟ್ಟರು. ಎಡಗೈ ಜೇಬಿನಲ್ಲಿಟ್ಟುಕೊಂಡು ಬಲಗೈಯೊಂದರಲ್ಲೇ ಟೇಪು ಹಿಡಿದು ಅಳೆದೆ. ಒಂದೂಮುಕ್ಕಾಲು. ಒಂದು ನೂಲು ಹೆಚ್ಚಿಲ್ಲ, ಕಡಿಮೆ ಇಲ್ಲ. ಆಚಾರ್ರು, "ನಿಮ್ಮ ಕೈಗೆ ಇದೇ ಸರಿ ಇತ್ತು ನೋಡ್ರಿ, ನಾನು ಅವತ್ತೇ ಅಂದಿದ್ದೆ" ಎಂದರು. ಹೌದ್ರೀ ಎಂದೆ. ಕಪ್ಪು ಗಿಟಾರನ್ನು ವಾಪಸು ತಗೊಳ್ಳುತ್ತೀರಾ ಎಂದು ಕೇಳುವ ಹಾಗೂ ಇರಲಿಲ್ಲ. ಕೆತ್ತಿದ ಕತ್ತನ್ನು ಯಾರು ಕೊಳ್ಳುತ್ತಾರೆ?

ಯೂನಿಟ್ಟಿನಲ್ಲೂ ನಮ್ಮ ಓಣಿಯಲ್ಲೂ ಅಕ್ಕ ನರದ ತೊಂದರೆ ಎಂದಷ್ಟೇ ಹೇಳಿದ್ದಾಳೆ. ಗುಳಿಗೆಯ ಹಾಳೆಯನ್ನು ಅಕ್ಕಿ ಡಬ್ಬಿಯೊಳಗೆ ಇಡುತ್ತಾಳೆ. ಗುಳಿಗೆಯಿಂದ ಮೈಬಣ್ಣ ಕಪ್ಪಾಗುತ್ತಿದೆ, ಕೇಳಿದವರಿಗೆ ಬಿಸಿಲು ಎನ್ನುತ್ತೇನೆ. ಹಿಂದೆ ಅದೇ ಬಿಸಿಲಿನ ಮೇಲೆ ಚಿಬ್ಬಿನ ತಪ್ಪನ್ನೂ ಹಾಕಿದ್ದೆ.

ಫೆಬ್ರವರಿ 5, ಗುರುವಾರ

ಹಳೆಯ ಡೈರಿಯ ಕೊನೆಯ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ವರ್ಷ ಬದಲಾಗಿದೆ. ಗುಂಡಿ ಎಣಿಸುವ ಕೆಲಸವೂ ವಾರಕ್ಕೆ ಮೂರು ದಿನ ಮಾತ್ರ.

ಸಾವಂತ್ರಮ್ಮ ಮತ್ತೆ ಸರ್ವೆಗೆ ಬಂದಿದ್ದಳು. ತಿಂಗಳು ತಿಂಗಳು ನನಗೆ ಗುಳಿಗೆ ತಂದುಕೊಡುವವಳೂ ಅವಳೇ, ಹೀಗಾಗಿ ನಮ್ಮ ಬಾಗಿಲು ಬಿಟ್ಟು ನೇರ ಯಂಕಮ್ಮನ ಮನೆಗೆ ಹೋದಳು. ನಾನು ಬಾಗಿಲ ಒಳಗೆ ಕೂತಿದ್ದೆ, ಎಲ್ಲ ಕೇಳುತ್ತಿತ್ತು.

"ಮೈಮ್ಯಾಲೆ ಮಚ್ಚಿ ಏನಾರ ಅದಾವೇನು ಯಂಕಮ್ಮ?"

"ಮಚ್ಚಿ ಎಲ್ಲಿದವ್ವಾ, ಏನಿಲ್ಲ."

ಎದ್ದೆ. ಅಕ್ಕ ಒಳಗಿನಿಂದಲೇ ಬೇಡ ಎಂದು ಕೈ ಮಾಡಿದಳು. ಐದು ತಿಂಗಳು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟದ್ದು ಅದು. ಅವಳ ಕಣ್ಣಲ್ಲಿ ಅಂಜಿಕೆ ನೋಡಿದೆ. ಹೊಸ್ತಿಲು ದಾಟಿದೆ.

"ಸಾವಂತ್ರಮ್ಮಕ್ಕ, ಮಚ್ಚಿ ಅನಬ್ಯಾಡ್ರಿ. ಚಿಬ್ಬು ಅಂತ ಕೇಳ್ರಿ."

"ಚಿಬ್ಬಾ?" ಎಂದಳು ಯಂಕಮ್ಮ. "ಚಿಬ್ಬು ಐತಲ್ಲ, ಹೆಗಲ ಮ್ಯಾಲೆ. ಎರಡು ಬ್ಯಾಸಗಿ ಆತು." ಸೆರಗು ಸರಿಸಿ ತೋರಿಸಹೋದವಳು ನನ್ನ ಕಡೆ ನೋಡಿದಳು. ನನ್ನ ಎಡಗೈ ನೋಡಿದಳು. ಬಾಗಿದ ಎರಡು ಬೆರಳು ನೋಡಿದಳು. ಸೆರಗು ಎಳೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಾವಂತ್ರಮ್ಮ ಹೋಗಲಿಲ್ಲ. ಬಾಗಿಲು ಬಡಿಯುತ್ತ, "ಯಂಕಮ್ಮ, ತಗಿಯವ್ವಾ, ನಾ ನೋಡ್ತೀನಿ" ಎನ್ನುತ್ತಲೇ ಇದ್ದಳು. ನಾನು ಒಳಗೆ ಬಂದೆ. ನಾಳೆ ಓಣಿಯ ನಲ್ಲಿ ಹತ್ತಿರ ಏನಾಗುತ್ತದೋ ಅಕ್ಕನಿಗೂ ಗೊತ್ತು, ನನಗೂ ಗೊತ್ತು.

ಡಾಕ್ಟರಮ್ಮ ದಿನಕ್ಕೊಮ್ಮೆ ಬೆರಳು ಪರೀಕ್ಷೆ ಮಾಡಿಕೋ ಎಂದಿದ್ದಾರೆ. ಆ ಕಪ್ಪು ಗಿಟಾರಿಗೆ ಈಗ ಇದೊಂದೇ ಕೆಲಸ. ಕೆತ್ತಿದ ಕತ್ತನ್ನು ಹಿಡಿದು, ಕಣ್ಣು ಮುಚ್ಚಿ, ಒಂದೊಂದೇ ಬೆರಳನ್ನು ತಂತಿಗೆ ಒತ್ತುತ್ತೇನೆ.

ತೋರುಬೆರಳು ನೋಯಿತು. ನಡುಬೆರಳು ನೋಯಿತು. ಉಂಗುರ ಬೆರಳು ಅರ್ಧ. ಕಿರುಬೆರಳನ್ನು ಸಾವಂತ್ರಮ್ಮ ಬಾಗಿಲು ಬಡಿಯುವುದು ನಿಲ್ಲುವ ತನಕ ಒತ್ತಿಕೊಂಡು ಕೂತಿದ್ದೆ. ನೋಯಲಿಲ್ಲ.